ಯಂತ್ರಕ್ಕೆ ವಿವೇಕ ಕಲಿಸಹೊರಟ ಬೋಟ್ವಿನ್ನಿಕ್

ಇಂದು ಸಾಮಾನ್ಯ ಮೊಬೈಲ್ ಫೋನಿನಲ್ಲಿರುವ ಚದುರಂಗದ ತಂತ್ರಾಂಶವೊಂದು ವಿಶ್ವ ಚಾಂಪಿಯನ್ನರನ್ನೂ ನಿರಾಯಾಸವಾಗಿ ಸೋಲಿಸಬಲ್ಲದು. ಇದರಲ್ಲಿ ಯಾರಿಗೂ ಈಗ ಅಚ್ಚರಿಯಿಲ್ಲ. ಆದರೆ ಯಂತ್ರವು ಈ ಎತ್ತರವನ್ನು ಏರಿದ ದಾರಿ ಯಾವುದು ಎಂಬ ಪ್ರಶ್ನೆ ಮಾತ್ರ ಇಂದಿಗೂ ಕುತೂಹಲಕರವಾಗಿಯೇ ಉಳಿದಿದೆ. ದೀರ್ಘಕಾಲ ಅದರ ಬಂಡವಾಳ ಎರಡೇ ಆಗಿತ್ತು: ವೇಗ ಮತ್ತು ನೆನಪು. ಕ್ಷಣಕ್ಕೆ ಕೋಟ್ಯಂತರ ನಿಲುವುಗಳನ್ನು ಎಣಿಸುವ ವೇಗ. ಎಣಿಸಿದ್ದನ್ನು ಮರೆಯದೆ ಕಾಪಿಟ್ಟುಕೊಳ್ಳುವ ನೆನಪು. ಇವೆರಡರಿಂದ ಆಟ ಗೆಲ್ಲಬಹುದು, ಆದರೆ ಅದು ಯೋಚನೆಯಲ್ಲ ಎಂದು ಬದುಕಿನ ಕೊನೆಯ ಮೂರು ದಶಕಗಳನ್ನು ವಾದಿಸುತ್ತ ಕಳೆದ ವ್ಯಕ್ತಿಯೊಬ್ಬರಿದ್ದರು. ಅವರು ಹೊರಗಿನಿಂದ ಮಾತನಾಡುವ ತತ್ತ್ವಜ್ಞಾನಿಯಾಗಿರಲಿಲ್ಲ. ಹದಿನೈದು ವರ್ಷಗಳ ಅವಧಿಯಲ್ಲಿ ಮೂರು ಸಲ ಚದುರಂಗದ ವಿಶ್ವ ಕಿರೀಟ ಧರಿಸಿದವರು, ಮೇಲಾಗಿ ವೃತ್ತಿಯಿಂದ ವಿದ್ಯುತ್ ಎಂಜಿನಿಯರ್. ಅವರ ಹೆಸರು ಮಿಖಾಯಿಲ್ ಬೋಟ್ವಿನ್ನಿಕ್.

ಬೋಟ್ವಿನ್ನಿಕ್ ಜನಿಸಿದ್ದು 1911ರ ಆಗಸ್ಟ್ 17ರಂದು, ಸೇಂಟ್ ಪೀಟರ್ಸ್‌ಬರ್ಗ್ ನಗರಕ್ಕೆ ಸಮೀಪದ ಕುವೊಕ್ಕಾಲ ಎಂಬ ಊರಿನಲ್ಲಿ. ಅಂದು ಅದು ಫಿನ್ಲೆಂಡ್ ಸಂಸ್ಥಾನಕ್ಕೆ ಸೇರಿತ್ತು. ಇಂದು ರಷ್ಯದಲ್ಲಿದ್ದು ರೆಪಿನೊ ಎಂದು ಹೆಸರಾಗಿದೆ. ತಾಯಿ ದಂತವೈದ್ಯೆ, ತಂದೆ ದಂತ ತಂತ್ರಜ್ಞ, ಇಬ್ಬರೂ ಯಹೂದಿಗಳು. ಹುಡುಗ ಇನ್ನೂ ಚಿಕ್ಕವನಿರುವಾಗಲೇ ತಂದೆ ತಾಯಿ ಬೇರೆಯಾದರು. ಮಿಖಾಯಿಲ್ ಚದುರಂಗ ಕಲಿತದ್ದು 12ನೇ ವಯಸ್ಸಿನಲ್ಲಿ. ಇಂದಿನ ಬಾಲಪ್ರತಿಭೆಗಳ ಲೆಕ್ಕದಲ್ಲಿ ಅದು ತೀರ ತಡ. ಆದರೆ ಎರಡೇ ವರ್ಷಗಳಲ್ಲಿ, 1925ರಲ್ಲಿ, ಆಗಿನ ವಿಶ್ವ ಚಾಂಪಿಯನ್ ಕಾಪಾಬ್ಲಾಂಕಾ ಲೆನಿನ್‌ಗ್ರಾಡ್‌ಗೆ ಬಂದು ಏಕಕಾಲದಲ್ಲಿ ಹಲವರೊಡನೆ ಆಡಿದಾಗ, ಅವರನ್ನು ಸೋಲಿಸಿದವರಲ್ಲಿ 14 ವರ್ಷದ ಈ ಕನ್ನಡಕಧಾರಿ ಹುಡುಗನೂ ಇದ್ದ. 1931ರಲ್ಲಿ, ಇಪ್ಪತ್ತನೆಯ ವಯಸ್ಸಿಗೆ, ಆತ ಸೋವಿಯತ್ ಒಕ್ಕೂಟದ ಚಾಂಪಿಯನ್.

ಆ ದಿನಗಳ ಸೋವಿಯತ್ ದೇಶದಲ್ಲಿ ಚದುರಂಗವು ಕೇವಲ ಆಟವಾಗಿರಲಿಲ್ಲ. ಹೊಸ ವ್ಯವಸ್ಥೆಯು ಬುದ್ಧಿಶಕ್ತಿಯಲ್ಲಿ ಹಳೆಯ ಜಗತ್ತನ್ನು ಮೀರಿಸಬಲ್ಲದು ಎಂದು ತೋರಿಸಲು ಪ್ರಭುತ್ವ ಆರಿಸಿಕೊಂಡ ಸಾಧನ ಅದು. 1936ರಲ್ಲಿ ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್‌ನಲ್ಲಿ ಬೋಟ್ವಿನ್ನಿಕ್ ಕಾಪಾಬ್ಲಾಂಕಾರೊಡನೆ ಮೊದಲ ಸ್ಥಾನ ಹಂಚಿಕೊಂಡಾಗ, ಅವರ ಹೆಸರಿನಲ್ಲಿ ಸ್ಟಾಲಿನ್‌ಗೆ ಕೃತಜ್ಞತೆ ಅರ್ಪಿಸುವ ಪತ್ರ ಪ್ರಕಟವಾಯಿತು. ಅವರ ಬೆನ್ನಿಗೆ ನಿಂತಿದ್ದ ಸೋವಿಯತ್ ಚದುರಂಗದ ಮುಖ್ಯಸ್ಥ ಕ್ರಿಲೆಂಕೊ ಎರಡು ವರ್ಷಗಳ ನಂತರ, 1938ರಲ್ಲಿ, ಅದೇ ಸ್ಟಾಲಿನ್ ಆಡಳಿತದ ಗುಂಡಿಗೆ ಬಲಿಯಾದರು. ಬೋಟ್ವಿನ್ನಿಕ್ ಉಳಿದರು. ಪಕ್ಷನಿಷ್ಠೆಯಲ್ಲಿ ಅವರು ಕೊನೆಯವರೆಗೂ ಅಚಲರು. ಆದರೆ ಯಾರ ಜೊತೆಗೂ ಸಾಲಿನಲ್ಲಿ ನಿಂತು ಸಹಿ ಹಾಕುವ ಸ್ವಭಾವ ಅವರದಾಗಿರಲಿಲ್ಲ. 1976ರಲ್ಲಿ ದೇಶ ತೊರೆದ ಕೊರ್ಚನಾಯ್ ವಿರುದ್ಧ ಸೋವಿಯತ್ ಗ್ರ್ಯಾಂಡ್‌ಮಾಸ್ಟರ್‌ಗಳಿಂದ ಖಂಡನಾ ಪತ್ರಕ್ಕೆ ಸಹಿ ಪಡೆದಾಗ, ಸಹಿ ಹಾಕದ ಬೆರಳೆಣಿಕೆಯ ಮಂದಿಯಲ್ಲಿ ಬೋಟ್ವಿನ್ನಿಕ್ ಒಬ್ಬರು.

ಚದುರಂಗದ ನಡುವೆಯೂ ಅವರು ತಮ್ಮ ಎಂಜಿನಿಯರಿಂಗ್ ವೃತ್ತಿಯನ್ನು ಬಿಡಲಿಲ್ಲ. ಲೆನಿನ್‌ಗ್ರಾಡ್‌ನ ಪಾಲಿಟೆಕ್ನಿಕ್‌ನಲ್ಲಿ ಓದಿದ ಅವರು ಯುದ್ಧಕಾಲದಲ್ಲಿ ಉರಲ್ ಪ್ರದೇಶದ ಪೆರ್ಮ್ ನಗರಕ್ಕೆ ಸ್ಥಳಾಂತರಗೊಂಡು ವಿದ್ಯುತ್ ವ್ಯವಸ್ಥೆಯ ಕೆಲಸದಲ್ಲಿ ತೊಡಗಿದ್ದರು. ಚದುರಂಗದ ಅಭ್ಯಾಸಕ್ಕೆಂದು ವಾರದಲ್ಲಿ ಮೂರು ದಿನ ಬಿಡುವು ಬೇಕೆಂದು ನೇರವಾಗಿ ಮೊಲೊಟೊವ್‌ಗೇ ಬರೆದು ಅನುಮತಿ ಪಡೆದರು. 1951ರಲ್ಲಿ, ವಿಶ್ವ ಚಾಂಪಿಯನ್ ಆಗಿರುವಾಗಲೇ, ತಾಂತ್ರಿಕ ವಿಜ್ಞಾನದ ಡಾಕ್ಟರೇಟ್ ಗಳಿಸಿದರು. ವಿದ್ಯುತ್ ಜನಕಯಂತ್ರಗಳ ನಿಯಂತ್ರಣ ಅವರ ವಿಶೇಷ ಕ್ಷೇತ್ರ. ಚದುರಂಗದಿಂದಲೇ ಹೊಟ್ಟೆ ಹೊರೆಯುವವರ ಸಾಲಿಗೆ ಅವರು ಸೇರಲೇ ಇಲ್ಲ.

ಈ ಎಂಜಿನಿಯರನ ಮನಸ್ಸೇ ಅವರ ಆಟವನ್ನೂ ರೂಪಿಸಿತು. ಅವರಿಗಿಂತ ಮುಂಚೆ ಚದುರಂಗದ ಮಹಾನ್ ಆಟಗಾರರು ಬಹುಮಟ್ಟಿಗೆ ಸ್ಫೂರ್ತಿಯನ್ನು ನೆಚ್ಚಿದವರು. ಬೋಟ್ವಿನ್ನಿಕ್ ಸಿದ್ಧತೆಯನ್ನು ನೆಚ್ಚಿದರು. ಎದುರಾಳಿಯ ಹಿಂದಿನ ಆಟಗಳನ್ನೆಲ್ಲ ಸಂಗ್ರಹಿಸಿ ಅಭ್ಯಸಿಸುವುದು, ಆರಂಭದ ನಡೆಗಳನ್ನು ಮನೆಯಲ್ಲಿ ಆಳವಾಗಿ ಶೋಧಿಸಿ ಟಿಪ್ಪಣಿ ಮಾಡಿಟ್ಟುಕೊಳ್ಳುವುದು, ತಮ್ಮ ಸೋಲುಗಳನ್ನು ನಿರ್ದಯವಾಗಿ ವಿಶ್ಲೇಷಿಸುವುದು, ಇವೆಲ್ಲ ಇಂದು ಪ್ರತಿಯೊಬ್ಬ ಆಟಗಾರನ ದಿನಚರಿ. ಅದನ್ನು ಒಂದು ಶಿಸ್ತಾಗಿ ಮಾಡಿದವರಲ್ಲಿ ಬೋಟ್ವಿನ್ನಿಕ್ ಮೊದಲಿಗರು. ತಂಬಾಕಿನ ಹೊಗೆ ಆಗದ ಅವರು ಅಭ್ಯಾಸದ ಪಂದ್ಯಗಳಲ್ಲಿ ಗೆಳೆಯ ರಾಗೊಜಿನ್ ಕೈಲಿ ಬೇಕೆಂದೇ ಮುಖಕ್ಕೆ ಹೊಗೆ ಬಿಡಿಸಿಕೊಂಡು, ರೇಡಿಯೊ ಗದ್ದಲದ ನಡುವೆ ಆಡಿ, ಗಮನ ಕದಲದಂತೆ ತಮ್ಮನ್ನು ಹದಗೊಳಿಸಿಕೊಂಡ ಕಥೆ ಪ್ರಸಿದ್ಧ.

1946ರಲ್ಲಿ ವಿಶ್ವ ಚಾಂಪಿಯನ್ ಅಲೆಖಿನ್ ನಿಧನರಾದಾಗ ಸಿಂಹಾಸನ ತೆರವಾಯಿತು. 1948ರಲ್ಲಿ ಹೇಗ್ ಮತ್ತು ಮಾಸ್ಕೋಗಳಲ್ಲಿ ಐವರ ನಡುವೆ ನಡೆದ ಪಂದ್ಯಾವಳಿಯಲ್ಲಿ ಬೋಟ್ವಿನ್ನಿಕ್ 20ಕ್ಕೆ 14 ಅಂಕ ಗಳಿಸಿ, ಎರಡನೆಯವರಾದ ಸ್ಮಿಸ್ಲೋವ್‌ಗಿಂತ ಮೂರು ಅಂಕ ಮುಂದೆ ನಿಂತು, ಚಾಂಪಿಯನ್ ಆದರು. ಎಸ್ಟೋನಿಯದ ಕೆರೆಸ್ ಮೇಲೆ ಅಂದು ಅಧಿಕಾರಸ್ಥರ ಒತ್ತಡವಿತ್ತೇ ಎಂಬ ಸಂಶಯ ಇಂದಿಗೂ ಚರ್ಚೆಯಲ್ಲಿದೆ. ಬೋಟ್ವಿನ್ನಿಕ್ ಅತ್ಯಂತ ಬಲಿಷ್ಠ ಆಟಗಾರರಾಗಿದ್ದರು ಎಂಬುದನ್ನು ಮಾತ್ರ ಬಹುತೇಕ ಯಾರೂ ಅಲ್ಲಗಳೆಯುವುದಿಲ್ಲ. 1951ರಲ್ಲಿ ಬ್ರಾನ್‌ಸ್ಟೈನ್, 1954ರಲ್ಲಿ ಸ್ಮಿಸ್ಲೋವ್, ಇಬ್ಬರೊಡನೆಯೂ 12-12ರ ಸಮಬಲ ಸಾಧಿಸಿ ಪಟ್ಟ ಉಳಿಸಿಕೊಂಡರು. 1957ರಲ್ಲಿ ಸ್ಮಿಸ್ಲೋವ್‌ಗೆ ಸೋತು ಮರುವರ್ಷ ಮರಳಿ ಗೆದ್ದರು. 1960ರಲ್ಲಿ ಬಿರುಗಾಳಿಯಂತೆ ಬಂದ 23ರ ಹರೆಯದ ಮಿಖಾಯಿಲ್ ತಾಲ್ ಅವರನ್ನು ಸೋಲಿಸಿದಾಗ ಬೋಟ್ವಿನ್ನಿಕ್ ಕಾಲ ಮುಗಿಯಿತೆಂದೇ ಎಲ್ಲರೂ ಭಾವಿಸಿದರು. ಅವರು ವರ್ಷವಿಡೀ ತಾಲ್ ಆಟವನ್ನು ಅಭ್ಯಸಿಸಿ, 1961ರಲ್ಲಿ 13-8ರಿಂದ ಗೆದ್ದು ಬಂದರು. ಆಗ ಅವರಿಗೆ 49 ವರ್ಷ. ಕೊನೆಗೆ 1963ರಲ್ಲಿ ಪೆಟ್ರೋಸಿಯನ್ ಎದುರು ಸೋತಾಗ ಮರುಪಂದ್ಯದ ನಿಯಮವೇ ರದ್ದಾಗಿತ್ತು.

ಸಾಮಾನ್ಯರ ಬದುಕು ಇಲ್ಲಿಗೆ ಮುಗಿದಂತೆ. ಬೋಟ್ವಿನ್ನಿಕ್ ಬದುಕಿನ ಅತಿ ದುರ್ಗಮ ಭಾಗ ಆರಂಭವಾದದ್ದು ಇಲ್ಲಿಂದ.

ಯಂತ್ರವೊಂದಕ್ಕೆ ಚದುರಂಗ ಕಲಿಸುವ ಬಗೆಯನ್ನು ಸ್ಪಷ್ಟವಾಗಿ ಬರೆದಿಟ್ಟವರು ಅಮೆರಿಕದ ಗಣಿತಜ್ಞ ಕ್ಲಾಡ್ ಶಾನನ್. 1950ರ ತಮ್ಮ ಪ್ರಬಂಧದಲ್ಲಿ ಅವರು ಎರಡು ದಾರಿಗಳನ್ನು ಗುರುತಿಸಿದ್ದರು. ಸಾಧ್ಯವಿರುವ ಎಲ್ಲ ನಡೆಗಳನ್ನೂ ನಿಗದಿತ ಆಳದವರೆಗೆ ಎಣಿಸುವುದು ಒಂದು. ಅರ್ಥವುಳ್ಳ ಕೆಲವೇ ನಡೆಗಳನ್ನು ಆರಿಸಿಕೊಂಡು ಆಳಕ್ಕೆ ಇಳಿಯುವುದು ಇನ್ನೊಂದು. ಒಂದು ನಿಲುವಿನಲ್ಲಿ ಸರಾಸರಿ 30ಕ್ಕೂ ಹೆಚ್ಚು ನಡೆಗಳಿರುವಾಗ, ಇಡೀ ಆಟದ ಸಾಧ್ಯತೆಗಳ ಸಂಖ್ಯೆ 1ರ ಮುಂದೆ 120 ಸೊನ್ನೆಗಳಿಟ್ಟಷ್ಟಾಗುತ್ತದೆ ಎಂದು ಶಾನನ್ ಅಂದಾಜಿಸಿದ್ದರು. ಇಂತಹ ಸಮುದ್ರವನ್ನು ಎಣಿಸಿ ದಾಟಲಾಗದು. ಆದ್ದರಿಂದ ಎರಡನೆಯ ದಾರಿಯೇ ಸರಿ ಎಂಬುದು ಅಂದಿನ ಬಹುಮಂದಿಯ ನಂಬಿಕೆ. 1965ರಲ್ಲಿ ಶಾನನ್ ಮಾಸ್ಕೋಗೆ ಬಂದಾಗ ಬೋಟ್ವಿನ್ನಿಕ್‌ರೊಡನೆ ಒಂದು ಆಟ ಆಡಿದರು. ನಡುವೆ ಕುದುರೆ ಮತ್ತು ಕಾಲಾಳಿಗೆ ಬದಲು ಆನೆಯೊಂದನ್ನು ಗಳಿಸಿ ಹೆಮ್ಮೆಪಟ್ಟರೂ 42 ನಡೆಗಳಲ್ಲಿ ಸೋತರು.

ಬೋಟ್ವಿನ್ನಿಕ್ ಆಯ್ದುಕೊಂಡದ್ದು ಎರಡನೆಯ ದಾರಿಯನ್ನೇ. ಅವರ ವಾದ ಸರಳವಾಗಿತ್ತು. ಗ್ರ್ಯಾಂಡ್‌ಮಾಸ್ಟರ್ ಒಬ್ಬ ಕೋಟಿ ನಿಲುವುಗಳನ್ನು ನೋಡುವುದಿಲ್ಲ, ನೋಡಲಾರ. ಕೆಲವೇ ನಡೆಗಳನ್ನು ಪರಿಶೀಲಿಸಿ ಸರಿಯಾದುದನ್ನು ಆರಿಸುತ್ತಾನೆ. 1938ರಲ್ಲಿ ನೆದರ್ಲೆಂಡ್ಸ್‌ನ ಆವ್ರೊ ಪಂದ್ಯಾವಳಿಯಲ್ಲಿ ಕಾಪಾಬ್ಲಾಂಕಾ ವಿರುದ್ಧ ತಮ್ಮ 30ನೇ ನಡೆಯಲ್ಲಿ ಒಂಟೆಯನ್ನು ಬಲಿಗೊಟ್ಟು ಗೆದ್ದ ಬೋಟ್ವಿನ್ನಿಕ್‌ಗೆ ಈ ಮಾತು ಅನುಭವದಿಂದಲೇ ಗೊತ್ತಿತ್ತು. ಗ್ರ್ಯಾಂಡ್‌ಮಾಸ್ಟರನ ತಲೆಯೊಳಗೆ ನಡೆಯುವ ಆಯ್ಕೆಯ ಕ್ರಮವನ್ನು ಬಿಡಿಸಿ ಬರೆದರೆ, ಚಿಕ್ಕ ಗಣಕವೂ ಚಾಂಪಿಯನ್ ಆಗಬಲ್ಲದು ಎಂಬುದು ಅವರ ಸಿದ್ಧಾಂತ. 1968ರಲ್ಲಿ ಇದನ್ನು ಪುಸ್ತಕ ರೂಪದಲ್ಲಿ ಮಂಡಿಸಿದರು. 1970ರಲ್ಲಿ ಸ್ಪರ್ಧೆಗಳಿಂದ ನಿವೃತ್ತರಾಗಿ ಪೂರ್ಣವಾಗಿ ಈ ಕಾರ್ಯಕ್ಕೆ ತೊಡಗಿದರು. ಬೋರಿಸ್ ಸ್ಟಿಲ್‌ಮನ್ ಮೊದಲಾದ ಗಣಿತಜ್ಞರ ಚಿಕ್ಕ ತಂಡವೊಂದು ಅವರ ಜೊತೆಗಿತ್ತು. ತಂತ್ರಾಂಶಕ್ಕೆ ಅವರಿಟ್ಟ ಹೆಸರು ಪಯೋನೀರ್.

ಪಯೋನೀರ್‌ನಲ್ಲಿ ಪ್ರತಿಯೊಂದು ಕಾಯಿಗೂ ಗುರಿಯೊಂದಿರುತ್ತದೆ. ಆ ಗುರಿಯತ್ತ ಸಾಗುವ ಪಥವಿರುತ್ತದೆ. ಆ ಪಥವನ್ನು ತಡೆಯಬಲ್ಲ ಎದುರಾಳಿ ಕಾಯಿಗಳು, ಅವುಗಳನ್ನು ತಡೆಯಬಲ್ಲ ತನ್ನ ಕಾಯಿಗಳು, ಇವೆಲ್ಲ ಸೇರಿ ಕದನವಲಯವೊಂದು ರೂಪುಗೊಳ್ಳುತ್ತದೆ. ವಲಯದ ಹೊರಗಿನ ನಡೆಗಳನ್ನು ಯಂತ್ರ ನೋಡುವುದೇ ಇಲ್ಲ. ಕೇಳಲು ಇದು ಬಹು ಸುಂದರ. 1970ರ ದಶಕದ ಉತ್ತರಾರ್ಧದಲ್ಲಿ ಜಾರ್ಜಿಯದ ನದರೇಶ್ವಿಲಿ ರಚಿಸಿದ ಕಠಿಣ ಅಂತ್ಯಾಟದ ಸಮಸ್ಯೆಯೊಂದನ್ನು ಪಯೋನೀರ್ ಅತಿ ಕಡಿಮೆ ನಿಲುವುಗಳನ್ನು ಪರಿಶೀಲಿಸಿಯೇ ಬಿಡಿಸಿತು. ಆದರೆ ಪೂರ್ಣ ಆಟವೊಂದನ್ನು ಆಡುವ ಶಕ್ತಿ ಅದಕ್ಕೆ ಕೊನೆಗೂ ಬರಲಿಲ್ಲ. ಬೋಟ್ವಿನ್ನಿಕ್ ತಾವು ಅರಿವಿಲ್ಲದೆ ಮಾಡುತ್ತಿದ್ದ ಆಯ್ಕೆಗಳನ್ನು ನಿಯಮಗಳಾಗಿ ಬರೆಯಹೊರಟರು. ಬರೆದ ಪ್ರತಿ ನಿಯಮಕ್ಕೂ ಅಪವಾದವೊಂದು ಕಾದು ಕುಳಿತಿರುತ್ತಿತ್ತು.

ಇದೇ ಹೊತ್ತಿಗೆ ಎದುರು ಪಾಳಯ ತನ್ನ ದಾರಿಯಲ್ಲಿ ಮುನ್ನಡೆಯುತ್ತಿತ್ತು. ಅದರ ಮುನ್ನಡೆಯ ಗುಟ್ಟು ಅರಿಯಬೇಕಾದರೆ ಯಂತ್ರದ ನೆನಪಿನ ಕೆಲಸ ಏನೆಂಬುದನ್ನು ಸ್ವಲ್ಪ ನೋಡಬೇಕು. ಬಿಳಿಯ ಆಟಗಾರ ಪರಸ್ಪರ ಸಂಬಂಧವಿಲ್ಲದ ಮೂರು ನಡೆಗಳನ್ನು ಆರು ಬೇರೆ ಬೇರೆ ಕ್ರಮಗಳಲ್ಲಿ ಆಡಬಹುದು. ಕಪ್ಪು ಆಟಗಾರನೂ ಹಾಗೆಯೇ. ಒಟ್ಟು 36 ದಾರಿಗಳಾದವು. ಆದರೆ ತಲುಪುವ ನಿಲುವು ಒಂದೇ. ನೆನಪಿಲ್ಲದ ಯಂತ್ರ ಆ ಒಂದೇ ನಿಲುವನ್ನು 36 ಸಲ ಮೊದಲಿನಿಂದ ಲೆಕ್ಕ ಹಾಕುತ್ತದೆ. ನೆನಪುಳ್ಳ ಯಂತ್ರ ಮೊದಲ ಸಲ ಲೆಕ್ಕ ಹಾಕಿ ಬರೆದಿಟ್ಟುಕೊಂಡು, ಮಿಕ್ಕ 35 ಸಲ ಬರೆದದ್ದನ್ನು ಓದಿಕೊಳ್ಳುತ್ತದೆ. ಉಳಿದ ಸಮಯದಲ್ಲಿ ಇನ್ನೂ ಆಳಕ್ಕೆ ಇಳಿಯುತ್ತದೆ.

ಬರೆದದ್ದನ್ನು ಲಕ್ಷಾಂತರ ನಿಲುವುಗಳ ನಡುವೆ ಥಟ್ಟನೆ ಹುಡುಕುವುದು ಹೇಗೆ? 1970ರಲ್ಲಿ ಆಲ್ಬರ್ಟ್ ಜೋಬ್ರಿಸ್ಟ್ ಎಂಬ ಅಮೆರಿಕನ್ ವಿಜ್ಞಾನಿ ಇದಕ್ಕೊಂದು ಸೊಗಸಾದ ಉಪಾಯ ಸೂಚಿಸಿದರು. ಹನ್ನೆರಡು ಬಗೆಯ ಕಾಯಿಗಳು, 64 ಮನೆಗಳು; ಪ್ರತಿ ಕಾಯಿಗೂ ಪ್ರತಿ ಮನೆಗೂ ಒಂದೊಂದರಂತೆ 768 ಯಾದೃಚ್ಛಿಕ ಸಂಖ್ಯೆಗಳು. ಹಲಗೆಯ ಮೇಲಿರುವ ಕಾಯಿಗಳ ಸಂಖ್ಯೆಗಳನ್ನು ಒಂದು ವಿಶೇಷ ರೀತಿಯಲ್ಲಿ ಬೆರೆಸಿದರೆ ಆ ನಿಲುವಿಗೊಂದು ಗುರುತಿನ ಸಂಖ್ಯೆ ಸಿಗುತ್ತದೆ. ಒಂದು ಕಾಯಿ ಸರಿದರೆ ಇಡೀ ಲೆಕ್ಕ ಮತ್ತೆ ಮಾಡಬೇಕಾಗಿಲ್ಲ. ಹಳೆಯ ಮನೆಯ ಸಂಖ್ಯೆ ತೆಗೆದು ಹೊಸ ಮನೆಯದನ್ನು ಬೆರೆಸಿದರೆ ಸಾಕು. ಇಂದಿನ ತಂತ್ರಾಂಶಗಳು ಬಳಸುವುದು ಬಹುಮಟ್ಟಿಗೆ ಈ ವಿಧಾನವನ್ನೇ.

ಹಾಗಾದರೆ ನೆನಪು ಹೆಚ್ಚಿಸುತ್ತ ಹೋದರೆ ಆಟದ ಬಲವೂ ಹೆಚ್ಚುತ್ತ ಹೋಗುತ್ತದೆಯೇ? ಒಂದು ಮಿತಿಯವರೆಗೆ ಮಾತ್ರ. ನೆನಪಿನ ಕೋಶ ಚಿಕ್ಕದಾದರೆ ಬೇಗನೆ ತುಂಬಿ, ಹೊಸದನ್ನು ಬರೆಯಲು ಹಳೆಯದನ್ನು ಅಳಿಸಬೇಕಾಗುತ್ತದೆ. ಅಳಿಸಿದ್ದನ್ನು ಮತ್ತೆ ಲೆಕ್ಕ ಹಾಕಬೇಕಾಗುತ್ತದೆ. ಆದರೆ ಕೋಶವು ಯೋಚನೆಯ ಕಾಲಾವಧಿಗೆ ಸಾಕಾಗುವಷ್ಟು ದೊಡ್ಡದಾದ ಮೇಲೆ, ಅದನ್ನು ಇಮ್ಮಡಿಗೊಳಿಸಿದರೂ ದೊರೆಯುವ ಲಾಭ ಅತ್ಯಲ್ಪ. ಯಂತ್ರದ ವೇಗ ಇಮ್ಮಡಿಯಾದರೆ ಸಿಗುವ ಬಲ ಅದಕ್ಕಿಂತ ಬಹಳ ಹೆಚ್ಚು. ನೆನಪಿನ ನಿಜವಾದ ಪವಾಡ ಕಾಣುವುದು ಅಂತ್ಯಾಟದಲ್ಲಿ. ಅಮೆರಿಕದ ರೂಬೆನ್ ಫೈನ್ 1941ರ ತಮ್ಮ ಅಂತ್ಯಾಟದ ಗ್ರಂಥದಲ್ಲಿ 70ನೇ ಚಿತ್ರವಾಗಿ ಕೊಟ್ಟ ನಿಲುವು ಇದಕ್ಕೆ ಪ್ರಸಿದ್ಧ ಉದಾಹರಣೆ. ಎರಡು ರಾಜರು, ಏಳು ಕಾಲಾಳುಗಳು. ಕಾಲಾಳುಗಳು ಒಂದಕ್ಕೊಂದು ಅಡ್ಡ ನಿಂತಿರುವುದರಿಂದ ಚಲಿಸುವುದು ಬಹುಮಟ್ಟಿಗೆ ರಾಜರಷ್ಟೇ. ನಡೆಗಳ ಸರಣಿಗಳು ಎಣಿಕೆಗೆ ಸಿಗದಷ್ಟಿದ್ದರೂ, ಎರಡು ರಾಜರು ನಿಲ್ಲಬಲ್ಲ ಭಿನ್ನ ನಿಲುವುಗಳು ಕೆಲವು ಸಾವಿರವಷ್ಟೇ. ನೆನಪಿಲ್ಲದ ಯಂತ್ರ ಇಲ್ಲಿ ಕತ್ತಲೆಯಲ್ಲಿ ಸುತ್ತುತ್ತದೆ. ನೆನಪುಳ್ಳ ಯಂತ್ರ ಗೆಲುವಿನ ನಡೆಯನ್ನು ಕ್ಷಣದಲ್ಲಿ ಕಾಣುತ್ತದೆ.

1974ರಲ್ಲಿ ಸ್ಟಾಕ್‌ಹೋಮ್‌ನಲ್ಲಿ ನಡೆದ ಗಣಕಗಳ ಮೊದಲ ವಿಶ್ವ ಚಾಂಪಿಯನ್‌ಷಿಪ್ ಅನ್ನು ಗೆದ್ದದ್ದು ಮಾಸ್ಕೋದ ತಂತ್ರಾಂಶವೇ. ಆದರೆ ಅದು ಬೋಟ್ವಿನ್ನಿಕ್‌ರದಾಗಿರಲಿಲ್ಲ. ಅರ್ಲಜಾರೊವ್, ದೊನ್‌ಸ್ಕೊಯ್ ಮೊದಲಾದವರು ರೂಪಿಸಿದ ಕೈಸಾ ಎಂಬ ಆ ತಂತ್ರಾಂಶ ಎಣಿಕೆಯ ದಾರಿಯದು. ಮೂರು ವರ್ಷಗಳ ಬಳಿಕ, 1977ರಲ್ಲಿ, ಟೊರಾಂಟೊದಲ್ಲಿ ಎರಡನೇ ಚಾಂಪಿಯನ್‌ಷಿಪ್ ನಡೆದಾಗ ಬೋಟ್ವಿನ್ನಿಕ್ ಅತಿಥಿಯಾಗಿ ಪ್ರೇಕ್ಷಕರ ನಡುವೆ ಕುಳಿತಿದ್ದರು. ಡಚೆಸ್ ಎಂಬ ಅಮೆರಿಕನ್ ತಂತ್ರಾಂಶದೊಡನೆ ಆಡುತ್ತಿದ್ದ ಕೈಸಾ, ತನ್ನ 34ನೇ ನಡೆಯಲ್ಲಿ ಒಂದು ಆನೆಯನ್ನು ಸುಮ್ಮನೆ ಬಿಟ್ಟುಕೊಟ್ಟಿತು. ಸಭೆಯೆಲ್ಲ ಇದು ಪ್ರಮಾದವೆಂದುಕೊಂಡಿತು, ಬೋಟ್ವಿನ್ನಿಕ್ ಕೂಡ. ಆಟವನ್ನು ಕೈಸಾ ಸೋತಿತು. ಆಮೇಲೆ ಯಂತ್ರವನ್ನು ಪರೀಕ್ಷಿಸಿದಾಗ ನಿಜಾಂಶ ಹೊರಬಿತ್ತು. ಎಲ್ಲರೂ ಸಹಜವೆಂದು ಭಾವಿಸಿದ್ದ ರಾಜನ ನಡೆಯನ್ನು ಕೈಸಾ ಆಡಿದ್ದರೆ, ಎದುರಾಳಿ ರಾಣಿಯನ್ನು ಬಲಿಗೊಟ್ಟು ಕೆಲವೇ ನಡೆಗಳಲ್ಲಿ ಆಟ ಮುಗಿಸಿಬಿಡುತ್ತಿತ್ತು! ಮಾಜಿ ವಿಶ್ವ ಚಾಂಪಿಯನ್ ಕಾಣದ ರಾಣಿಯ ಬಲಿಯನ್ನು ಏನನ್ನೂ ಅರ್ಥಮಾಡಿಕೊಳ್ಳದ ಯಂತ್ರ ಕಂಡಿತ್ತು. ಯಾವ ನಡೆಯನ್ನೂ ಅಸಂಬದ್ಧವೆಂದು ತಳ್ಳಿಹಾಕದೆ ಎಲ್ಲವನ್ನೂ ಎಣಿಸಿದ್ದೇ ಅದಕ್ಕೆ ಕಾರಣ. ಅರ್ಥವುಳ್ಳ ನಡೆಗಳನ್ನಷ್ಟೇ ನೋಡಬೇಕೆಂಬ ಬೋಟ್ವಿನ್ನಿಕ್ ಸಿದ್ಧಾಂತಕ್ಕೆ ಅವರ ಕಣ್ಣೆದುರೇ ಬಿದ್ದ ಪೆಟ್ಟು ಅದು. ಅರ್ಥವಿಲ್ಲದಂತೆ ಕಾಣುವ ನಡೆಯಲ್ಲೇ ಕೆಲವೊಮ್ಮೆ ಅರ್ಥ ಅಡಗಿರುತ್ತದೆ.

ಆದರೂ ಅವರು ಹಿಂದೆ ಸರಿಯಲಿಲ್ಲ. ಪಯೋನೀರ್‌ನ ವಿಧಾನವನ್ನು ವಿದ್ಯುತ್ ಸ್ಥಾವರಗಳ ಉಪಕರಣಗಳ ದುರಸ್ತಿಯ ವೇಳಾಪಟ್ಟಿ ರೂಪಿಸಲು ಅವರ ತಂಡ ಬಳಸಿತು. ಚದುರಂಗ ಅವರಿಗೆ ಪ್ರಯೋಗಶಾಲೆಯಾಗಿತ್ತು. ಅರ್ಥವ್ಯವಸ್ಥೆಯ ಯೋಜನೆಯಂತಹ ಬೃಹತ್ ಸಮಸ್ಯೆಗಳನ್ನು ಬಿಡಿಸುವ ಯಂತ್ರವೇ ಅವರ ನಿಜವಾದ ಕನಸು. 1990ರ ದಶಕದ ಆರಂಭದಲ್ಲಿ ತಮ್ಮ ಕೊನೆಯ ತಂತ್ರಾಂಶದ ಕುರಿತು ಅವರು ಪ್ರಕಟಿಸಿದ ಫಲಿತಾಂಶಗಳನ್ನು ಬೇರೆ ಸಂಶೋಧಕರು ಬಲವಾಗಿ ಪ್ರಶ್ನಿಸಿದರು. ತಮ್ಮ ಸೋಲುಗಳನ್ನು ನಿರ್ದಯವಾಗಿ ವಿಶ್ಲೇಷಿಸುತ್ತಿದ್ದ ಮನುಷ್ಯ, ತಮ್ಮ ಸಿದ್ಧಾಂತದ ವಿಷಯದಲ್ಲಿ ಮಾತ್ರ ಆ ನಿರ್ದಯತೆಯನ್ನು ತೋರಲಾರದೆ ಹೋದರು.

ಅವರ ಇನ್ನೊಂದು ಪ್ರಯೋಗ ಮಾತ್ರ ಅಪಾರ ಯಶಸ್ಸು ಕಂಡಿತು. ಅದು ಅವರ ಚದುರಂಗ ಶಾಲೆ. ಕಾರ್ಪೋವ್, ಕಾಸ್ಪರೋವ್, ಕ್ರಾಮ್ನಿಕ್, ಮೂವರು ಭಾವೀ ವಿಶ್ವ ಚಾಂಪಿಯನ್ನರು ಬಾಲ್ಯದಲ್ಲಿ ಅವರ ಮುಂದೆ ಕುಳಿತು ಕಲಿತವರು. ಕಾಸ್ಪರೋವ್ 1973ರಲ್ಲಿ ಶಾಲೆಗೆ ಬಂದಾಗ ಹತ್ತು ವರ್ಷದ ಬಾಲಕ. 1962ರ ವಾರ್ನಾ ಒಲಿಂಪಿಯಾಡ್‌ನಲ್ಲಿ ಬಾಬಿ ಫಿಷರ್ ವಿರುದ್ಧ ಸೋಲಿನಂಚಿನಲ್ಲಿದ್ದ ಆಟವನ್ನು ಬೋಟ್ವಿನ್ನಿಕ್ ತಂಡದ ರಾತ್ರಿಯಿಡೀ ವಿಶ್ಲೇಷಣೆಯ ಬಲದಿಂದ ಡ್ರಾ ಮಾಡಿಕೊಂಡಿದ್ದರು. ಶಾಲೆಯಲ್ಲಿ ಆ ಅಂತ್ಯಾಟವನ್ನೇ ಮಕ್ಕಳಿಗೆ ಅಭ್ಯಾಸಕ್ಕೆ ಕೊಟ್ಟಾಗ, ಹದಿಮೂರರ ಕಾಸ್ಪರೋವ್ ಅದರಲ್ಲಿ ಹೊಸ ಅಂಶವೊಂದನ್ನು ಹುಡುಕಿ ತೆಗೆದ. ಗುರುವಿನ ವಿಶ್ಲೇಷಣೆಯನ್ನು ತಿದ್ದುವಂತೆ ಶಿಷ್ಯನನ್ನು ಬೆಳೆಸುವುದಕ್ಕಿಂತ ದೊಡ್ಡ ಬೋಧನೆ ಇನ್ನಾವುದಿದೆ? ನಿಯಮಗಳ ಪಟ್ಟಿಯಿಂದ ಯಂತ್ರಕ್ಕೆ ಕಲಿಸಲಾಗದ್ದನ್ನು ಅವರು ಮಕ್ಕಳಿಗೆ ಕಲಿಸಿದ್ದು ಮಾದರಿಗಳಿಂದ, ತಿದ್ದುಪಡಿಗಳಿಂದ, ಪರಿಶ್ರಮದಿಂದ.

1995ರ ಮೇ 5ರಂದು ಮಾಸ್ಕೋದಲ್ಲಿ ಬೋಟ್ವಿನ್ನಿಕ್ ನಿಧನರಾದರು. ಅದಾಗಿ ಎರಡು ವರ್ಷಗಳಿಗೆ, 1997ರ ಮೇ ತಿಂಗಳಲ್ಲಿ, ಕ್ಷಣಕ್ಕೆ 20 ಕೋಟಿ ನಿಲುವುಗಳನ್ನು ಎಣಿಸಬಲ್ಲ ಐಬಿಎಂನ ಡೀಪ್ ಬ್ಲೂ, ಅವರ ಶಿಷ್ಯ ಕಾಸ್ಪರೋವ್‌ರನ್ನು 3.5-2.5ರಿಂದ ಸೋಲಿಸಿತು. ಕೊನೆಯ ಆಟದಲ್ಲಿ ಕಾಸ್ಪರೋವ್ ಆಡಿದ್ದು ಕಾರೋ-ಕಾನ್ ರಕ್ಷಣೆ. ಅದು ಬೋಟ್ವಿನ್ನಿಕ್ ತಮ್ಮ ವಿಶ್ವ ಪಟ್ಟದ ಪಂದ್ಯಗಳಲ್ಲಿ ನೆಚ್ಚಿದ್ದ ರಕ್ಷಣೆಯೂ ಹೌದು. ಎಂಟನೇ ನಡೆಯಲ್ಲಿ ಯಂತ್ರ ಕುದುರೆಯನ್ನು ಬಲಿಗೊಟ್ಟಿತು. ಹತ್ತೊಂಬತ್ತು ನಡೆಗಳಲ್ಲಿ ಆಟವೇ ಮುಗಿಯಿತು. ಜಗತ್ತು ನಿಬ್ಬೆರಗಾದ ಆ ಬಲಿಯನ್ನು ಯಂತ್ರ ಸ್ವತಃ ಯೋಚಿಸಿ ಆಡಿರಲಿಲ್ಲ. ಆರಂಭದ ನಡೆಗಳ ಭಂಡಾರದಲ್ಲಿ ಮನುಷ್ಯರು ಮೊದಲೇ ಬರೆದಿಟ್ಟಿದ್ದನ್ನು ನೆನಪಿನಿಂದ ತೆಗೆದು ಆಡಿತ್ತು, ಅಷ್ಟೇ. ಮನೆಯಲ್ಲಿ ಸಿದ್ಧಪಡಿಸಿ ಹಲಗೆಯ ಮೇಲೆ ಪ್ರಯೋಗಿಸುವ ಬೋಟ್ವಿನ್ನಿಕ್ ಪದ್ಧತಿಯೇ ಅವರ ಶಿಷ್ಯನ ವಿರುದ್ಧ ತಿರುಗಿದಂತಾಯಿತು. 2006ರಲ್ಲಿ ಬಾನ್ ನಗರದಲ್ಲಿ ಇನ್ನೊಬ್ಬ ಶಿಷ್ಯ ಕ್ರಾಮ್ನಿಕ್ ಡೀಪ್ ಫ್ರಿಟ್ಜ್ ತಂತ್ರಾಂಶಕ್ಕೆ 4-2ರಿಂದ ಸೋತರು.

ಅಂತ್ಯಾಟದಲ್ಲಂತೂ ನೆನಪು ಯೋಚನೆಯನ್ನೇ ಅನಾವಶ್ಯಕಗೊಳಿಸಿತು. 2012ರಲ್ಲಿ ಮಾಸ್ಕೋ ವಿಶ್ವವಿದ್ಯಾಲಯದ ಲೊಮೊನೊಸೊವ್ ಮಹಾಗಣಕದ ಮೇಲೆ, ರಾಜರೂ ಸೇರಿ ಏಳು ಕಾಯಿಗಳುಳ್ಳ ಅಂತ್ಯಾಟಗಳ ಪೂರ್ಣ ಕೋಷ್ಟಕಗಳು ಸಿದ್ಧವಾದವು. ಗಾತ್ರ 140 ಟೆರಾಬೈಟ್. ಗೆಲ್ಲಲು 500ಕ್ಕೂ ಹೆಚ್ಚು ನಡೆಗಳು ಬೇಕಾದ ನಿಲುವುಗಳು ಅದರಲ್ಲಿವೆ. ಆ ನಡೆಗಳ ಹಿಂದಿನ ತರ್ಕವನ್ನು ಯಾವ ಗ್ರ್ಯಾಂಡ್‌ಮಾಸ್ಟರನೂ ವಿವರಿಸಲಾರ. ಅವು ಸತ್ಯ ಮಾತ್ರ; ಅರ್ಥವಿಲ್ಲದ ಸತ್ಯ.

ಇಷ್ಟಕ್ಕೇ ಕಥೆ ಮುಗಿದಿದ್ದರೆ ಬೋಟ್ವಿನ್ನಿಕ್ ಸೋತ ವಾದವೊಂದರ ವಕೀಲರಾಗಿ ಉಳಿಯುತ್ತಿದ್ದರು. ಆದರೆ 2017ರ ಡಿಸೆಂಬರ್‌ನಲ್ಲಿ ಡೀಪ್‌ಮೈಂಡ್ ಸಂಸ್ಥೆಯ ಆಲ್ಫಾಜೀರೊ ಬಂದಿತು. ಕ್ಷಣಕ್ಕೆ ಸುಮಾರು 80 ಸಾವಿರ ನಿಲುವುಗಳನ್ನು ಮಾತ್ರ ನೋಡುವ ಅದು, ಸುಮಾರು 7 ಕೋಟಿ ನಿಲುವುಗಳನ್ನು ಎಣಿಸುವ ಸ್ಟಾಕ್‌ಫಿಶ್‌ನೊಡನೆ 100 ಆಟಗಳಲ್ಲಿ 28 ಗೆದ್ದು, ಒಂದನ್ನೂ ಸೋಲಲಿಲ್ಲ. ಆಗ ಎದ್ದ ಮುಖ್ಯ ಆಕ್ಷೇಪಗಳಲ್ಲೊಂದು ನೆನಪಿಗೆ ಸಂಬಂಧಿಸಿದ್ದೇ ಎಂಬುದು ಸ್ವಾರಸ್ಯಕರ. ಅಷ್ಟು ವೇಗದ ಯಂತ್ರದ ಮೇಲೆ ಓಡುತ್ತಿದ್ದ ಸ್ಟಾಕ್‌ಫಿಶ್‌ಗೆ ನಿಲುವುಗಳನ್ನು ಬರೆದಿಟ್ಟುಕೊಳ್ಳಲು ಕೇವಲ 1 ಗಿಗಾಬೈಟ್ ಕೊಡಲಾಗಿತ್ತು; ಅದು ಕ್ಷಣಾರ್ಧದಲ್ಲಿ ತುಂಬಿಹೋಗುತ್ತದೆ, ಆದ್ದರಿಂದ ಪಂದ್ಯ ನ್ಯಾಯವಾದುದಲ್ಲ ಎಂದು ತಜ್ಞರು ದೂರಿದರು. ದೂರಿನಲ್ಲಿ ಹುರುಳಿತ್ತು. 2018ರಲ್ಲಿ ಪ್ರಕಟವಾದ ವಿಸ್ತೃತ ಪಂದ್ಯದಲ್ಲಿ ಸ್ಟಾಕ್‌ಫಿಶ್‌ಗೆ 32 ಗಿಗಾಬೈಟ್ ಕೊಡಲಾಯಿತು. ಸಾವಿರ ಆಟಗಳಲ್ಲಿ ಆಲ್ಫಾಜೀರೊ 155 ಗೆದ್ದು 6 ಸೋತಿತು, ಮಿಕ್ಕವು ಡ್ರಾ. ನೆನಪಿನ ಕೊರತೆ ನೀಗಿಸಿದ ಮೇಲೂ ತೀರ್ಪು ಬದಲಾಗಲಿಲ್ಲ.

ಕಡಿಮೆ ನೋಡಿ ಸರಿಯಾಗಿ ಆರಿಸುವ ಯಂತ್ರ ಸಾಧ್ಯ ಎಂಬ ಬೋಟ್ವಿನ್ನಿಕ್ ನಂಬಿಕೆ ಹೀಗೆ ಅವರ ನಿಧನದ 22 ವರ್ಷಗಳ ನಂತರ ನಿಜವಾಯಿತು. ಆದರೆ ಅವರು ಹೇಳಿದ ದಾರಿಯಲ್ಲಲ್ಲ. ಆಲ್ಫಾಜೀರೊಗೆ ಯಾವ ಗ್ರ್ಯಾಂಡ್‌ಮಾಸ್ಟರನೂ ನಿಯಮ ಬರೆದುಕೊಡಲಿಲ್ಲ. ಅದು ತನ್ನೊಡನೆ ತಾನೇ ಕೋಟ್ಯಂತರ ಆಟಗಳನ್ನಾಡಿ, ಸೋಲುಗಳಿಂದ ತಿದ್ದಿಕೊಳ್ಳುತ್ತ ಕಲಿಯಿತು. ಎಣಿಕೆಯ ಪಾಳಯವೂ ಪಾಠ ಕಲಿಯಿತು: 2020ರಲ್ಲಿ ಸ್ಟಾಕ್‌ಫಿಶ್ ಕೂಡ ನಿಲುವುಗಳನ್ನು ತೂಗಲು ಕಲಿಯುವ ಜಾಲವನ್ನು ಅಳವಡಿಸಿಕೊಂಡಿತು. ತನ್ನ ನೆನಪಿನ ಕೋಶವನ್ನೂ ಅದು ಬಿಡಲಿಲ್ಲ. ಇಂದಿನ ಅತ್ಯುತ್ತಮ ಯಂತ್ರದಲ್ಲಿ ವೇಗ, ನೆನಪು, ವಿವೇಕ ಮೂರೂ ಕೂಡಿವೆ.

ಮನುಷ್ಯರ ನೆನಪಿನ ವಿಷಯದಲ್ಲೂ ಇದೇ ಮಾತು ಸಲ್ಲುತ್ತದೆ. ಡಚ್ ಮನಶ್ಶಾಸ್ತ್ರಜ್ಞ ಡಿ ಗ್ರೂಟ್ 1940ರ ದಶಕದಲ್ಲಿ ಆರಂಭಿಸಿದ, 1973ರಲ್ಲಿ ಅಮೆರಿಕದ ಚೇಸ್ ಮತ್ತು ಸೈಮನ್ ಮುಂದುವರಿಸಿದ ಪ್ರಯೋಗಗಳು ಇದನ್ನು ತೋರಿಸಿವೆ. ನಿಜವಾದ ಆಟದ ನಿಲುವನ್ನು ಕೆಲವು ಕ್ಷಣ ತೋರಿಸಿದರೆ ಪರಿಣತ ಆಟಗಾರ ಬಹುತೇಕ ಎಲ್ಲ ಕಾಯಿಗಳನ್ನೂ ನೆನಪಿನಿಂದ ಜೋಡಿಸುತ್ತಾನೆ. ಕಾಯಿಗಳನ್ನು ಮನಬಂದಂತೆ ಹರಡಿ ತೋರಿಸಿದರೆ ಆತನ ನೆನಪು ಹೊಸಬನ ನೆನಪಿಗಿಂತ ಹೆಚ್ಚೇನೂ ಉತ್ತಮವಲ್ಲ. ಪರಿಣತನ ನೆನಪು ಅರ್ಥದ ಜೊತೆ ಹೆಣೆದುಕೊಂಡದ್ದು. ಬಾಯಿಪಾಠವನ್ನೇ ವಿದ್ಯೆಯೆಂದು ಭಾವಿಸಿ, ಅಂಕಗಳ ಎಣಿಕೆಯಲ್ಲಿ ಮಕ್ಕಳ ಬುದ್ಧಿಯನ್ನು ಅಳೆಯುವ ನಮಗೆ ಇದು ಯೋಚಿಸಬೇಕಾದ ಸಂಗತಿ. ಹಾಗೆಂದು ನೆನಪೇ ಬೇಡವೆನ್ನುವುದೂ ತಪ್ಪು. ಬೋಟ್ವಿನ್ನಿಕ್‌ರ ಅಸಾಧಾರಣ ಆಯ್ಕೆಯ ಶಕ್ತಿಯ ಹಿಂದೆ ಅವರ ಟಿಪ್ಪಣಿ ಪುಸ್ತಕಗಳ ದಶಕಗಳ ಸಂಗ್ರಹವಿತ್ತು. ಬಹುಶಃ ಅವರು ಪಯೋನೀರ್‌ಗೆ ಕೊಡದೆ ಹೋದದ್ದು ಅದನ್ನೇ. ತಮ್ಮ ವಿವೇಕವನ್ನು ಯಂತ್ರಕ್ಕೆ ಬರೆದುಕೊಡಲು ಶ್ರಮಿಸಿದ ಅವರು, ಆ ವಿವೇಕ ತಮಗೆ ಬಂದದ್ದು ಸಾವಿರಾರು ಆಟಗಳ ಅನುಭವದಿಂದ ಎಂಬುದಕ್ಕೆ ಸಾಕಷ್ಟು ಬೆಲೆ ಕೊಡಲಿಲ್ಲ.

ವಿಜ್ಞಾನದ ಚರಿತ್ರೆಯಲ್ಲಿ ಸರಿಯಾದ ಉತ್ತರ ಕೊಟ್ಟವರಿಗೆ ಮಾತ್ರವಲ್ಲ, ಸರಿಯಾದ ಪ್ರಶ್ನೆಯನ್ನು ಬಿಡದೆ ಹಿಡಿದವರಿಗೂ ಸ್ಥಾನವಿದೆ. ಜಗತ್ತೆಲ್ಲ ವೇಗದ ಹಿಂದೆ, ನೆನಪಿನ ಗಾತ್ರದ ಹಿಂದೆ ಓಡುತ್ತಿದ್ದಾಗ, ಯಂತ್ರಕ್ಕೆ ಯಾವುದನ್ನು ನೋಡಬಾರದೆಂದು ಕಲಿಸುವುದು ಹೇಗೆಂದು ಕೇಳುತ್ತ ಕುಳಿತವರು ಬೋಟ್ವಿನ್ನಿಕ್. ಅವರ ಪಯೋನೀರ್ ಒಂದು ಆಟವನ್ನೂ ಆಡಲಿಲ್ಲ. ಅವರ ಪ್ರಶ್ನೆ ಮಾತ್ರ ಇಂದು ಕೃತಕ ಬುದ್ಧಿಯ ಪ್ರತಿಯೊಂದು ಪ್ರಯೋಗಶಾಲೆಯ ಮೇಜಿನ ಮೇಲಿದೆ.